ಕಲಾಸ್ ಹಾಡದ ರಾತ್ರಿ

1957ರ ಆಗಸ್ಟ್ 1. ಅಥೆನ್ಸ್ ಊರು ಬೇಸಿಗೆಯಲ್ಲಿ ಕಾದ ಕಾವಲಿ ಆಗಿದೆ. ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಬುಡದಲ್ಲಿ ಹೆಚ್ಚುಕಡಿಮೆ 1,800 ವರ್ಷ ಹಳೆಯದಾದ ಒಂದು ಕಲ್ಲಿನ ರಂಗಮಂದಿರ ಇದೆ. ಆ ರಾತ್ರಿ ಅಲ್ಲೊಂದು ಗಾಯನ ಕಛೇರಿ. ಹಾಡಬೇಕಿದ್ದವಳು ಮರಿಯಾ ಕಲಾಸ್, ಆಗಿನ ಕಾಲಕ್ಕೆ ಪ್ರಪಂಚದ ಅತಿ ಹೆಸರುವಾಸಿ ಆಪೆರಾ ಗಾಯಕಿ. ಹದಿಹರೆಯವನ್ನೆಲ್ಲ ಕಳೆದ ಊರಿಗೆ 12 ವರ್ಷ ಬಿಟ್ಟು ವಾಪಸ್ ಬಂದಿದ್ದಳು. ಟಿಕೆಟ್ ಕೊಂಡವರು ಬೆಳಗ್ಗೆಯಿಂದ ಅದೇ ಮಾತಾಡಿಕೊಂಡು ಸಂಜೆಗೆ ತಯಾರಾಗಿದ್ದರು. ಕಛೇರಿಗೆ ಇನ್ನು ಸ್ವಲ್ಪ ಹೊತ್ತಿದೆ ಅನ್ನುವಾಗ ಸುದ್ದಿ ಬಂತು: ಇವತ್ತು ಹಾಡಿಲ್ಲ, ಗಾಯಕಿಗೆ ಗಂಟಲು ಸರಿಯಿಲ್ಲ.

ನಾವು ಆಫೀಸಿಗೆ ‘ಹುಷಾರಿಲ್ಲ, ಇವತ್ತು ಬರಲ್ಲ’ ಅಂತ ಒಂದು ಮೆಸೇಜ್ ಹಾಕಿ ಮಗ್ಗುಲು ಬದಲಿಸಿ ಮಲಗುತ್ತೇವೆ. ಮ್ಯಾನೇಜರ್ ಸ್ವಲ್ಪ ಗೊಣಗಬಹುದು, ಅಷ್ಟೇ. ಇಲ್ಲಿ ಗೊಣಗಿದ್ದು ಇಡೀ ಊರು. ನೆಗಡಿ ಆದ ಗುಮಾಸ್ತನನ್ನು ನಂಬುವ ಜನ, ಗಂಟಲು ಕೆಟ್ಟ ಗಾಯಕಿಯನ್ನು ನಂಬಲಿಲ್ಲ. ಕೊಬ್ಬು ಅಂದರು. ನಮ್ಮ ದುಡ್ಡು ತಿಂದು ನಮಗೇ ಸೊಕ್ಕು ತೋರಿಸ್ತಾಳೆ ಅಂದರು. ಆ ಸಿಟ್ಟಿನ ಹಿಂದೆ ಇದ್ದದ್ದು ಆ ಒಂದು ದಿನದ ವಿಷಯ ಮಾತ್ರ ಅಲ್ಲ, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ‘ಕಲಾಸ್’ ಅಂದ ತಕ್ಷಣ ನಮ್ಮ ಕಿವಿಗೆ ‘ಖಲಾಸ್’ ಅಂತಲೇ ಬೀಳುತ್ತದೆ, ಏನೂ ಮಾಡೋಕಾಗಲ್ಲ. ಮನೆತನದ ನಿಜವಾದ ಹೆಸರು ಕಲೊಯೆರೊಪೂಲೊಸ್. ಗ್ರೀಸಿನಿಂದ ನ್ಯೂಯಾರ್ಕಿಗೆ ವಲಸೆ ಹೋದ ಔಷಧದಂಗಡಿಯ ಅಪ್ಪ, ಅಮೆರಿಕದವರ ನಾಲಿಗೆಗೆ ಇದು ಹೊರಳಲ್ಲ ಅಂತ ಅದನ್ನು ಕತ್ತರಿಸಿ ಚಿಕ್ಕದು ಮಾಡಿದ. ನಮ್ಮ ವೆಂಕಟಸುಬ್ಬಯ್ಯನವರು ಅಲ್ಲಿಗೆ ಹೋಗಿ ‘ವೆನ್’ ಆಗುತ್ತಾರಲ್ಲ, ಹಾಗೆ. ಮರಿಯಾ ಹುಟ್ಟಿದ್ದು ನ್ಯೂಯಾರ್ಕಿನಲ್ಲೇ, 1923ರ ಡಿಸೆಂಬರಿನಲ್ಲಿ. ಅಪ್ಪ ಅಮ್ಮನಿಗೆ ಹೊಂದಲಿಲ್ಲ. 1937ರಲ್ಲಿ ಅಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಥೆನ್ಸಿಗೆ ಮರಳಿದಳು. ಹುಡುಗಿಗೆ ಆಗ 13 ವರ್ಷ. ದಪ್ಪ ಕನ್ನಡಕ, ದಪ್ಪ ಮೈ, ಯಾರ ಜತೆಗೂ ಬೆರೆಯದ ಸ್ವಭಾವ, ಆದರೆ ಗಂಟಲಿನಲ್ಲಿ ಏನೋ ಇದೆ ಅಂತ ಅಮ್ಮನಿಗೆ ಗೊತ್ತಿತ್ತು. ಆ ‘ಏನೋ’ ಅನ್ನು ದುಡ್ಡಾಗಿಸಬಹುದು ಅಂತಲೂ ಗೊತ್ತಿತ್ತು ಅಂತ ಮಗಳು ಮುಂದೆ ಜೀವನಪೂರ್ತಿ ದೂರಿದಳು.

ಅಥೆನ್ಸ್ ಸಂಗೀತಶಾಲೆಯಲ್ಲಿ ಎಲ್ವಿರಾ ದೆ ಹಿಡಾಲ್ಗೊ ಅನ್ನುವ ಸ್ಪೇನ್ ದೇಶದ ಗಾಯಕಿ ಗುರುವಾಗಿ ಸಿಕ್ಕಿದಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಬೇರೆ ವಿದ್ಯಾರ್ಥಿಗಳ ಪಾಠವನ್ನೂ ಕೂತು ಕೇಳಿ, ರಾತ್ರಿ ಕೊನೆಗೆ ಹೋಗುವ ಶಿಷ್ಯೆ. ಅಷ್ಟರಲ್ಲಿ ಯುದ್ಧ ಬಂತು. 1941ರಲ್ಲಿ ಜರ್ಮನ್ನರೂ ಇಟಲಿಯವರೂ ಗ್ರೀಸನ್ನು ಹಿಡಿದುಕೊಂಡರು. ಆ ವರ್ಷದ ಚಳಿಗಾಲದ ಬರಗಾಲ ಅಥೆನ್ಸಿನವರು ಇವತ್ತಿಗೂ ಮರೆಯದ್ದು. ಬೀದಿಯಲ್ಲಿ ಬಿದ್ದ ಹೆಣಗಳನ್ನು ಬೆಳಗ್ಗೆ ಗಾಡಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದ ಕಾಲ, ಊರೊಂದರಲ್ಲೇ ಹತ್ತಾರು ಸಾವಿರ ಜನ ಹಸಿವಿನಿಂದ ಸತ್ತರು. ಇಟಲಿಯ ಸೈನಿಕರಿಗೆ ಹಾಡಿ ಹುಡುಗಿ ಮನೆಗೆ ಆಹಾರ ತಂದದ್ದೂ ಉಂಟು ಅಂತ ಆಕೆಯ ಜೀವನಚರಿತ್ರೆಗಳು ಹೇಳುತ್ತವೆ. ಆ ನಡುವೆಯೇ, 1942ರ ಬೇಸಿಗೆಯಲ್ಲಿ, ಊರಿನ ಚೌಕವೊಂದರ ಬಯಲು ರಂಗದಲ್ಲಿ ಪುಚ್ಚೀನಿಯ ‘ತೋಸ್ಕಾ’ ಹಾಡಿದಳು. ವಯಸ್ಸು 18.

ಇನ್ನೊಂದು ಬೇಸಿಗೆ, 1944ರದ್ದು, ಸ್ವಲ್ಪ ನಿಂತು ನೋಡಬೇಕಾದದ್ದು. ಅಕ್ರೊಪೊಲಿಸ್ ಬುಡದ ಇದೇ ಕಲ್ಲಿನ ಮಂದಿರ, ಆಗಸ್ಟ್ 14. ಆಡಿದ್ದು ಬೀಥೋವನ್ ಬರೆದ ಒಂದೇ ಒಂದು ಆಪೆರಾ, ‘ಫಿದೆಲಿಯೊ’. ಕತೆ ಏನು? ರಾಜಕೀಯ ಸೇಡಿಗೆ ಗಂಡನನ್ನು ನೆಲಮಾಳಿಗೆಯ ಸೆರೆಗೆ ತಳ್ಳಿದ್ದಾರೆ. ಹೆಂಡತಿ ಗಂಡು ವೇಷ ಹಾಕಿ ಅದೇ ಜೈಲಿನಲ್ಲಿ ಕೆಲಸಕ್ಕೆ ಸೇರಿ ಅವನನ್ನು ಬಿಡಿಸುತ್ತಾಳೆ. ನಡುವೆ ಕೈದಿಗಳೆಲ್ಲ ಒಂದು ಗಳಿಗೆ ಬೆಳಕಿಗೆ ಬಂದು ಉಸಿರಾಡುವ ದೃಶ್ಯ ಇದೆ. ಆಡಿಸಿದವರು ಜರ್ಮನ್ನರು, ನಿರ್ದೇಶಕ ಜರ್ಮನ್, ವಾದ್ಯವೃಂದ ನಡೆಸಿದವನು ಜರ್ಮನ್, ಮುಂದಿನ ಸಾಲಿನಲ್ಲಿ ಕೂತವರು ಆಕ್ರಮಣಕಾರಿ ಸೈನ್ಯದ ಅಧಿಕಾರಿಗಳು. ಅವರ ಹಿಂದೆ ಮೂರು ವರ್ಷದಿಂದ ಅವರ ಬೂಟಿನ ಕೆಳಗಿದ್ದ ಗ್ರೀಕರು. ಇಬ್ಬರೂ ಒಂದೇ ಹಾಡಿಗೆ ಚಪ್ಪಾಳೆ ಹೊಡೆದರು. ಯಾರ ಚಪ್ಪಾಳೆಗೆ ಏನರ್ಥ ಅಂತ ಯಾರೂ ಕೇಳುವಂತಿರಲಿಲ್ಲ. ಹೆಂಡತಿಯ ಪಾತ್ರ ಹಾಡಿದವಳು 20 ವರ್ಷದ ಮರಿಯಾ. ಎರಡು ತಿಂಗಳಲ್ಲಿ, ಅಕ್ಟೋಬರ್ 12ಕ್ಕೆ, ಜರ್ಮನ್ನರು ಊರು ಬಿಟ್ಟರು.

ಬಿಡುಗಡೆ ಆಯಿತು, ಲೆಕ್ಕಾಚಾರ ಶುರುವಾಯಿತು. ರಾಷ್ಟ್ರೀಯ ಆಪೆರಾದ ಸಹೋದ್ಯೋಗಿಗಳೇ ‘ಆಕ್ರಮಣದ ಕೊನೆಯ ತಿಂಗಳುಗಳಲ್ಲಿ ಈ ಹುಡುಗಿ ಸ್ವಲ್ಪ ಜಾಸ್ತಿಯೇ ಮಿಂಚಿದಳು’ ಅಂದರು. ಮುಖ್ಯ ಗಾಯಕಿಯಾಗಿ ಆಕೆಯ ಒಪ್ಪಂದ ಮುಂದುವರಿಯಲಿಲ್ಲ. ಅದು ದೇಶಭಕ್ತಿಯೋ ಹೊಟ್ಟೆಕಿಚ್ಚೋ? ಎರಡೂ ಸೇರಿದ್ದವು ಅಂತ ನನಗನ್ನಿಸುತ್ತದೆ. ಆಕೆಗಿಂತ 15 ವರ್ಷ ದೊಡ್ಡವರು, ಅದೇ ರಂಗದ ಮೇಲೆ ಅದೇ ಅಧಿಕಾರಿಗಳ ಮುಂದೆ ಹಾಡಿದವರು, ಆಮೇಲೆ ಉಟ್ಟ ಬಟ್ಟೆಯ ಮಡಿಕೆ ಕೆಡದ ಹಾಗೆ ನೌಕರಿಯಲ್ಲಿ ಉಳಿದರು. 1945ರ ಸೆಪ್ಟೆಂಬರಿನಲ್ಲಿ ಮರಿಯಾ ಅಮೆರಿಕದ ಹಡಗು ಹತ್ತಿದಳು. ಬೇಡ ಅಂದ ಊರನ್ನು ಬಿಟ್ಟು ಹೋದವಳು ಅವಳು, 1957ರ ಸಿಟ್ಟಿನ ಒಂದು ಎಳೆ ಇಲ್ಲಿಂದ ಶುರು.

ಮುಂದಿನದ್ದು ಬೇಗ ಹೇಳಿಬಿಡುತ್ತೇನೆ, ಯಾಕಂದರೆ ಅದು ಎಲ್ಲರಿಗೂ ಗೊತ್ತಿರುವ ಭಾಗ. 1947ರ ಆಗಸ್ಟಿನಲ್ಲಿ ಇಟಲಿಯ ವೆರೋನಾದಲ್ಲಿ, ಮತ್ತೊಂದು ಪುರಾತನ ಬಯಲು ರಂಗದಲ್ಲಿ, ರೋಮನ್ನರು ಮಲ್ಲಯುದ್ಧ ನೋಡಲು ಕಟ್ಟಿಸಿದ್ದ ಅರೀನಾದಲ್ಲಿ, ಆಕೆಯ ಇಟಲಿ ಜೀವನ ಶುರುವಾಯಿತು. ಅಲ್ಲೇ ಭೇಟಿಯಾದ, ತನಗಿಂತ ಬಹಳ ದೊಡ್ಡವನಾದ ಇಟ್ಟಿಗೆ ವ್ಯಾಪಾರಿ ಮೆನೆಗೀನಿಯನ್ನು 1949ರಲ್ಲಿ ಮದುವೆಯಾದಳು. ಅದೇ ವರ್ಷ ವೆನಿಸ್ಸಿನಲ್ಲಿ ವಾಗ್ನರ್‌ನ ‘ವಾಲ್ಕ್ಯೂರೆ’ಯ ಭಾರಿ ಪಾತ್ರ ಹಾಡುತ್ತಿದ್ದಾಗ ಬೇರೊಬ್ಬ ಗಾಯಕಿಗೆ ಕಾಯಿಲೆ ಬಂತು. ಕೆಲವೇ ದಿನಗಳಲ್ಲಿ ಬೆಲ್ಲೀನಿಯ ‘ಪುರಿತಾನಿ’ಯ ನವಿರು ಪಾತ್ರವನ್ನು ಕಲಿತು ಅದನ್ನೂ ಹಾಡಿದಳು. ಒಬ್ಬನೇ ಆಟಗಾರ ಒಂದೇ ವಾರದಲ್ಲಿ ಕುಸ್ತಿ ಕಣದಲ್ಲೂ ಗೆದ್ದು, ಭರತನಾಟ್ಯದ ಅರಂಗೇಟ್ರವನ್ನೂ ಮಾಡಿದ ಹಾಗೆ. ಇನ್ನೊಬ್ಬರ ಕಾಯಿಲೆಯಿಂದಲೇ ಆಕೆಗೆ ಹೆಸರು ಬಂತು ಅನ್ನೋದನ್ನ ನೆನಪಿಟ್ಟುಕೊಳ್ಳಿ. ಆಮೇಲೆ ಮಿಲಾನಿನ ಲಾ ಸ್ಕಾಲಾ, 1956ರಲ್ಲಿ ನ್ಯೂಯಾರ್ಕಿನ ಮೆಟ್. ಮೆಟ್‌ಗೆ ಬಂದ ವಾರವೇ ‘ಟೈಮ್’ ಪತ್ರಿಕೆ ಮುಖಪುಟದಲ್ಲಿ ಹಾಕಿತು, ಒಳಗೆ ಅಮ್ಮನಿಗೆ ದುಡ್ಡು ಕೊಡಲ್ಲ ಅಂತ ಮಗಳು ಬರೆದದ್ದನ್ನೂ ಹಾಕಿತು. ತಾಯಿಗೆ ಅನ್ನ ಹಾಕದ ಮಗಳು! ಗ್ರೀಸಿನಲ್ಲಿ ಇದು ಹೇಗೆ ಕೇಳಿಸಿರಬಹುದು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ನಮ್ಮ ಅಕ್ಕಪಕ್ಕದ ಮನೆಯವರನ್ನು ಕೇಳಿದರೆ ಸಾಕು.

ಇದರ ಮೇಲೆ ಸಂಭಾವನೆಯ ಗಲಾಟೆ. ಅಥೆನ್ಸ್ ಉತ್ಸವ 1955ರಲ್ಲಷ್ಟೇ ಹುಟ್ಟಿದ್ದು, ಯುದ್ಧ ಮತ್ತು ಅಂತರ್ಯುದ್ಧ ಎರಡನ್ನೂ ಕಂಡು ಬಡವಾದ ದೇಶ ಪ್ರವಾಸಿಗಳನ್ನು ಕರೆಯಲು ಮಾಡಿದ ಪ್ರಯತ್ನ. ಕಲಾಸ್ ಮೊದಲು ಪುಕ್ಕಟೆ ಹಾಡುತ್ತೇನೆ ಅಂದಳು, ನಮಗೆ ಯಾರ ದಾನವೂ ಬೇಡ ಅಂತ ಉತ್ಸವದವರು ಬಿಗುಮಾನ ತೋರಿಸಿದರು, ಹಾಗಾದರೆ ನನ್ನ ಪೂರ್ತಿ ದರ ಕೊಡಿ ಅಂದಳು ಅಂತ ಒಂದು ಕತೆ ಜೀವನಚರಿತ್ರೆಗಳಲ್ಲಿ ಬರುತ್ತದೆ. ನಿಜವಿದ್ದರೆ ಇಬ್ಬರೂ ಜಗಮೊಂಡರು, ಸರಿಯಾದ ಜೋಡಿ. ಪತ್ರಿಕೆಗಳು ಆ ಮೊತ್ತವನ್ನು ಎತ್ತಿ ಆಡಿದವು, ವಿರೋಧ ಪಕ್ಷದವರು ಪ್ರಧಾನಿ ಕರಮನ್ಲಿಸ್ ಸರ್ಕಾರವನ್ನು ಜಾಡಿಸಿದರು. ಆಗಸ್ಟ್ 1ರ ಸಂಜೆ ಕಛೇರಿ ಇಲ್ಲ ಅಂದಾಗ ಬೆಂಕಿ ಹಚ್ಚಲು ಸೌದೆ ಆಗಲೇ ಒಟ್ಟಿತ್ತು ಅಂತಾಯಿತು.

ಈಗ ಆ ಜಾಗದ ಬಗ್ಗೆ. ಅದನ್ನು ಅಥೆನ್ಸಿನವರು ‘ಇರೋದಿಯೊ’ ಅಂತಾರೆ, ಹೆರೋದೆಸ್ ಅಟ್ಟಿಕಸ್ ಅನ್ನುವವನು ಕಟ್ಟಿಸಿದ್ದರಿಂದ ಆ ಹೆಸರು. ಪಕ್ಕದಲ್ಲೇ, ಗುಡ್ಡದ ಅದೇ ಇಳಿಜಾರಿನಲ್ಲಿ, ಅದಕ್ಕಿಂತ ಹಳೆಯದಾದ ಡಯೊನೈಸಸ್ ರಂಗ ಇದೆ. ಸೊಫೊಕ್ಲಿಸ್, ಯೂರಿಪಿಡಿಸ್ ನಾಟಕಗಳು ಮೊದಲು ಆಡಿದ್ದು ಅಲ್ಲಿ. ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಓದಿದವರಿಗೆ ಆ ಲೋಕದ ಗಾಳಿ ಸ್ವಲ್ಪ ಸೋಕಿರುತ್ತದೆ, ಅದು ಸೊಫೊಕ್ಲಿಸ್‌ನ ‘ಅಯಾಸ್’ ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿಕೊಂಡದ್ದು. ಆದರೆ ಹೆರೋದೆಸ್ ಕಟ್ಟಿಸಿದ್ದು ನಾಟಕಕ್ಕಲ್ಲ, ಸಂಗೀತಕ್ಕೆ. ನಾವಿವತ್ತು ‘ಪುರಾತನ ಬಯಲು ರಂಗಮಂದಿರ’ ಅಂತ ಫೋಟೋ ಹಾಕಿಕೊಳ್ಳುವ ಈ ಕಟ್ಟಡ ಕಟ್ಟಿದಾಗ ಬಯಲಾಗಿರಲೇ ಇಲ್ಲ, ಅದಕ್ಕೆ ದೇವದಾರು ಮರದ ಮಾಡು ಇತ್ತು ಅಂತ ಫಿಲೊಸ್ಟ್ರಾಟಸ್ ಅನ್ನುವ ಹಳೆಯ ಲೇಖಕ ಬರೆದಿದ್ದಾನೆ. ಕ್ರಿ.ಶ. 267ರಲ್ಲಿ ಹೆರೂಲಿಗಳು ಅನ್ನುವ ದಂಡು ಬಂದು ಊರನ್ನು ಸುಟ್ಟಾಗ ಮಾಡೂ ಹೋಯಿತು. ಆಕಾಶ ಕಾಣುವ ಹಾಗಾದದ್ದು ಶತ್ರುಗಳ ಕೃಪೆ.

ಹೆರೋದೆಸ್ ಅಟ್ಟಿಕಸ್ ಕತೆಯೂ ಸ್ವಾರಸ್ಯವಾಗಿದೆ. ಅವನಪ್ಪನಿಗೆ ಮನೆಯಲ್ಲಿ ನಿಧಿ ಸಿಕ್ಕಿತಂತೆ. ಹೆದರಿ ರೋಮಿನ ಚಕ್ರವರ್ತಿ ನೆರ್ವಾಗೆ ಪತ್ರ ಬರೆದ, ಏನು ಮಾಡಲಿ ಅಂತ. ಬಳಸಿಕೊ ಅಂದ ಚಕ್ರವರ್ತಿ. ಇಷ್ಟೊಂದು ನನ್ನ ಯೋಗ್ಯತೆಗೆ ಮೀರಿದ್ದು ಅಂತ ಮತ್ತೆ ಬರೆದರೆ, ಹಾಗಾದರೆ ದುರ್ಬಳಕೆ ಮಾಡಿಕೊ, ನಿನ್ನದೇ ಅಂತ ಉತ್ತರ ಬಂತಂತೆ. ಮಗ ಆ ದುಡ್ಡಿನಲ್ಲಿ ಓದಿದ, ಭಾಷಣಕಾರನಾದ, ಮುಂದೆ ಚಕ್ರವರ್ತಿಯಾದ ಮಾರ್ಕಸ್ ಔರೇಲಿಯಸ್‌ಗೆ ಪಾಠ ಹೇಳಿದ, ಊರೂರಿಗೆ ಕಟ್ಟಡ ಕಟ್ಟಿಸಿ ಕೊಟ್ಟ. ರೋಮಿನ ದೊಡ್ಡ ಮನೆತನದ ರೆಗಿಲ್ಲಾ ಅನ್ನುವವಳನ್ನು ಮದುವೆಯಾದ. ಸುಮಾರು ಕ್ರಿ.ಶ. 160ರಲ್ಲಿ ಅವಳು ಸತ್ತಳು. ಬಸುರಿ, ಎಂಟನೇ ತಿಂಗಳು. ಹೆರೋದೆಸ್‌ನ ಅಪ್ಪಣೆ ಮೇಲೆ ಅವನ ಆಳೊಬ್ಬ ಹೊಟ್ಟೆಗೆ ಒದ್ದ ಅಂತ ರೆಗಿಲ್ಲಾಳ ಅಣ್ಣ ತಮ್ಮಂದಿರಲ್ಲೊಬ್ಬ, ಬ್ರಾಡುವಸ್, ರೋಮಿನಲ್ಲಿ ಕೊಲೆಯ ಮೊಕದ್ದಮೆ ಹೂಡಿದ. ಹೆರೋದೆಸ್ ಖುಲಾಸೆಯಾದ. ದೊರೆಗೆ ಪಾಠ ಹೇಳಿದ ಮೇಷ್ಟ್ರು, ಊರಿಗೇ ದೊಡ್ಡ ಸಾಹುಕಾರ. ತೀರ್ಪು ಬೇರೆ ಬರುತ್ತಿತ್ತೇ ಅಂತ ಅನುಮಾನ ಪಡುವ ಹಕ್ಕು ನಮಗಿದೆ. ಆಮೇಲೆ ಮನೆಯ ಗೋಡೆಗಳಿಗೆಲ್ಲ ಕಪ್ಪು ಹಾಕಿ ಶೋಕ ಮಾಡಿದ, ಹೆಂಡತಿಯ ನೆನಪಿಗೆ ಈ ಸಂಗೀತ ಮಂದಿರ ಕಟ್ಟಿಸಿ ಅಥೆನ್ಸಿಗೆ ಕೊಟ್ಟ. ತಾಜ್‌ಮಹಲಿನ ಮುಂದೆ ನಿಂತು ಪ್ರೇಮ ಅಂತ ಉಸಿರೆಳೆಯುವ ನಾವು ಇಲ್ಲಿ ನಿಂತು ಏನನ್ನಬೇಕೋ ಗೊತ್ತಾಗುವುದಿಲ್ಲ. ಇಲ್ಲಿ ಹಾಡುವ ಪ್ರತಿ ಹೆಣ್ಣು ರೆಗಿಲ್ಲಾಳ ನೆನಪಿನ ಕಲ್ಲಿನ ಮುಂದೆಯೇ ಹಾಡುತ್ತಾಳೆ.

ಅದೇ ಎರಡನೇ ಶತಮಾನದ ಇನ್ನೊಂದು ಗ್ರೀಕ್ ರಂಗದ ವಸ್ತು ನಮಗೆ ಹತ್ತಿರದ್ದು, ದಾರಿ ತಪ್ಪಿದರೂ ಪರವಾಗಿಲ್ಲ, ಹೇಳಿಬಿಡುತ್ತೇನೆ. ಈಜಿಪ್ಟಿನ ಆಕ್ಸಿರಿಂಕಸ್ ಊರಿನ ತಿಪ್ಪೆಯಲ್ಲಿ ಸಿಕ್ಕಿದ ಪಪೈರಸ್ ಹಾಳೆಗಳಲ್ಲಿ ಒಂದು ಪ್ರಹಸನ ಇತ್ತು. 1903ರಲ್ಲಿ ಅಚ್ಚಾಯಿತು. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಖರಿತಿಯೊನ್ ಎಂಬ ಗ್ರೀಕ್ ಹೆಣ್ಣುಮಗಳನ್ನು ಅವಳ ಅಣ್ಣ, ಅಲ್ಲಿನ ರಾಜನಿಗೆ ಕುಡಿಸಿ ಮತ್ತೇರಿಸಿ, ಬಿಡಿಸಿಕೊಂಡು ಹೋಗುವ ಕತೆ. ಅದರಲ್ಲಿ ರಾಜನ ಕಡೆಯವರು ಗ್ರೀಕ್ ಅಲ್ಲದ ಭಾಷೆಯಲ್ಲಿ ಆಡುವ ಮಾತುಗಳು ಕನ್ನಡ ಅಂತ ಹುಲ್ಷ್ ಎಂಬ ಜರ್ಮನ್ ವಿದ್ವಾಂಸ ಹೇಳಿದ, ನಮ್ಮ ಆರ್.ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಒಪ್ಪದವರೂ ಇದ್ದಾರೆ, ಬರೀ ಗ್ರೀಕರು ಕಲ್ಪಿಸಿಕೊಂಡ ಗಿಲಿಗಿಲಿ ಸದ್ದು ಅನ್ನುವವರಿದ್ದಾರೆ. ಹೇಗೂ ಇರಲಿ, ಗ್ರೀಕ್ ಮಾತಾಡುವ ಜನರನ್ನು ನಗಿಸಲು ಯಾರೋ ನಟ ನಮ್ಮ ಮಾತಿನ ಹಾಗೆ ಕೇಳುವ ಮಾತನ್ನು ಆಡಿದ ಅನ್ನೋ ಸಾಧ್ಯತೆಯೇ ನನಗೆ ಖುಷಿ ಕೊಡುತ್ತದೆ. ಸರಿ, ವಾಪಸ್ ಅಥೆನ್ಸಿಗೆ.

ಮಾಡಿಲ್ಲದ ಜಾಗದಲ್ಲಿ, ಮೈಕಿಲ್ಲದೆ ಹಾಡುವುದು ಅಂದರೇನು? ನಮ್ಮಲ್ಲಿ ಬಯಲಾಟದ ಭಾಗವತರು ಮೈಕು ಬರುವ ಮೊದಲು ರಾತ್ರಿಯಿಡೀ ಇದನ್ನೇ ಮಾಡುತ್ತಿದ್ದರು, ಆದ್ದರಿಂದ ಪೂರ್ತಿ ಹೊಸದಲ್ಲ. ಆದರೆ ಆಪೆರಾದಲ್ಲಿ ಬೆನ್ನಿಗೆ ಚೆಂಡೆ ಮದ್ದಳೆ ಮಾತ್ರವಲ್ಲ, ಹತ್ತಾರು ಪಿಟೀಲು, ಕಹಳೆಗಳಿರುವ ಪೂರ್ತಿ ವಾದ್ಯವೃಂದ ಇರುತ್ತದೆ. ಅದರ ಮೇಲೆ ಹಾಯ್ದು ದನಿ 5,000 ಜನರ ಕೊನೆಯ ಸಾಲಿಗೆ ಮುಟ್ಟಬೇಕು. ಸ್ವೀಡನ್ನಿನ ಯೊಹಾನ್ ಸುಂಡ್‌ಬೆರ್ಗ್ ಇದನ್ನು ಅಳೆದು ನೋಡಿದರು. ವಾದ್ಯವೃಂದದ ಸದ್ದಿನ ಜೋರೆಲ್ಲ 500 ಹರ್ಟ್ಸ್ ಆಸುಪಾಸಿನಲ್ಲಿ, ಮೇಲೆ ಹೋದಂತೆ ಅದು ಇಳಿಯುತ್ತದೆ. ಪಳಗಿದ ಗಂಡು ಗಾಯಕರು ಗಂಟಲ ಕುಹರವನ್ನು ಒಂದು ಆಕಾರಕ್ಕೆ ತಂದುಕೊಂಡು 3,000 ಹರ್ಟ್ಸ್ ಹತ್ತಿರ ದನಿಗೆ ಒಂದು ಮೊನೆ ಕಟ್ಟುತ್ತಾರೆ, ವಾದ್ಯಗಳು ಸೊರಗಿರುವ, ಕಿವಿ ಚುರುಕಾಗಿರುವ ಜಾಗ ಅದು. ಕಲಾಸ್ ತರದ ಎತ್ತರದ ಹೆಣ್ಣು ದನಿಯವರು ಬೇರೆ ಉಪಾಯ ಮಾಡುತ್ತಾರೆ: ಸ್ವರ ಏರಿದ ಹಾಗೆ ಬಾಯಿ ತೆರೆದು, ಬಾಯಿಯ ಅನುರಣನವನ್ನು ಆ ಸ್ವರಕ್ಕೇ ಶ್ರುತಿ ಮಾಡಿಕೊಳ್ಳುತ್ತಾರೆ. ಜೋರಾಗಿ ಕಿರುಚುವ ಪ್ರಶ್ನೆಯೇ ಅಲ್ಲ ಇದು, ಮೈಯನ್ನೇ ವಾದ್ಯ ಮಾಡಿಕೊಂಡು ಶ್ರುತಿ ಕೂಡಿಸುವ ಕೆಲಸ.

ಮತ್ತು ಆ ವಾದ್ಯದ ತಂತಿ ಅಂದರೆ ಗಂಟಲಿನಲ್ಲಿರುವ ಎರಡು ಪುಟ್ಟ ಮಡಿಕೆ, ಹೆಬ್ಬೆರಳಿನ ಉಗುರಿಗಿಂತ ದೊಡ್ಡದೇನಲ್ಲ. ತಾರಸ್ಥಾಯಿಯ ತುದಿಯ ಒಂದು ಸ್ವರ 1,000 ಹರ್ಟ್ಸ್ ದಾಟಿತು ಅಂದರೆ ಆ ಮಡಿಕೆಗಳು ಸೆಕೆಂಡಿಗೆ 1,000ಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಗುತ್ತಿವೆ ಅಂತ ಲೆಕ್ಕ. ಅವುಗಳ ಮೇಲೆ ತೆಳ್ಳಗಿನ ಒದ್ದೆ ಪದರ ಇರುತ್ತದೆ. ಆಗಸ್ಟಿನ ಅಥೆನ್ಸ್‌ನಲ್ಲಿ ಮಳೆ ಇಲ್ಲ, ಉತ್ತರದಿಂದ ‘ಮೆಲ್ಟೆಮಿ’ ಅನ್ನುವ ಒಣಗಾಳಿ ಬೀಸುತ್ತದೆ, ಜತೆಗೆ ಬಿಸಿಲು ಕುಡಿದ ಅಮೃತಶಿಲೆ ರಾತ್ರಿಯಾದರೂ ಕಾವು ಬಿಡುತ್ತಿರುತ್ತದೆ. ಪದರ ಒಣಗಿದರೆ ಮಡಿಕೆ ಅಲುಗಿಸಲು ಹೆಚ್ಚು ಉಸಿರಿನ ಒತ್ತಡ ಬೇಕು, ಒತ್ತಡ ಹಾಕಿದರೆ ಊತ, ಊತ ಬಂದರೆ ದನಿ ಒಡೆಯುತ್ತದೆ. ಪಿಟೀಲಿನ ತಂತಿ ಕಿತ್ತರೆ ಬೇರೆ ಹಾಕಬಹುದು. ಆಗಸ್ಟ್ 1ರ ಸಂಜೆ ಆಕೆ ಬೇಡ ಅಂದದ್ದು ನನ್ನ ಲೆಕ್ಕದಲ್ಲಿ ಸರಿಯಾದ ತೀರ್ಮಾನ. ತಪ್ಪಾಗಿದ್ದರೆ ಅದನ್ನು ಜನರಿಗೆ ಕೊನೆ ಗಳಿಗೆಯಲ್ಲಿ ಹೇಳಿದ್ದು ತಪ್ಪು.

ಈ ಕಲ್ಲಿನ ರಂಗಗಳ ಬಗ್ಗೆ ಒಂದು ಭಕ್ತಿಯೂ ಇದೆಯಲ್ಲ, ‘ನಡುವೆ ನಿಂತು ನಾಣ್ಯ ಬೀಳಿಸಿದರೆ ಕೊನೆಯ ಸಾಲಿಗೆ ಕೇಳುತ್ತೆ’ ಅಂತ ಗೈಡುಗಳು ಹೇಳುವುದು. ಎಪಿಡಾರಸ್ ರಂಗಕ್ಕೆ ಹೋದವರೆಲ್ಲ ಇದನ್ನು ಮಾಡಿ ನೋಡಿಯೇ ಬರುತ್ತಾರೆ. 2007ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಇಬ್ಬರು ಇದಕ್ಕೊಂದು ಕಾರಣ ಕೊಟ್ಟರು: ಮೆಟ್ಟಿಲು ಮೆಟ್ಟಿಲಾದ ಸುಣ್ಣಕಲ್ಲಿನ ಸಾಲುಗಳು ತಗ್ಗಿನ ಸದ್ದನ್ನು, ಅಂದರೆ ಜನರ ಗುಜುಗುಜುವನ್ನು, ಸೋಸಿ ಹಾಕುತ್ತವೆ, ಮಾತಿನ ಮೇಲಿನ ಸ್ವರಗಳನ್ನು ಮಾತ್ರ ದಾಟಿಸುತ್ತವೆ. 2017ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ವಿಶ್ವವಿದ್ಯಾಲಯದವರು ಇರೋದಿಯೊ, ಆರ್ಗೊಸ್, ಎಪಿಡಾರಸ್ ಮೂರೂ ಕಡೆ ಉಪಕರಣ ಇಟ್ಟು ಅಳೆದರು. ನಾಣ್ಯದ ಸದ್ದು ಎಲ್ಲ ಕಡೆ ಕೇಳುತ್ತದೆ, ಆದರೆ ಅರ್ಧ ದಾಟಿದ ಮೇಲೆ ಅದು ನಾಣ್ಯ ಅಂತ ಗೊತ್ತಾಗಲ್ಲ. ಪಿಸುಮಾತು ಮುಂದಿನ ಸಾಲಿನವರಿಗೆ ಮಾತ್ರ. ಕೊನೆಯವರಿಗೆ ಅರ್ಥವಾಗಬೇಕಾದರೆ ನಟ ದನಿಯೆತ್ತಿಯೇ ಮಾತಾಡಬೇಕು ಅಂತ ಹೇಳಿದರು. ಗ್ರೀಕರಿಗೆ ಇದು ರುಚಿಸಲಿಲ್ಲ. ನನಗಂತೂ ಇದು ಕಲಾವಿದರಿಗೆ ಸಂದ ಗೌರವದ ಹಾಗೆ ಕಾಣುತ್ತದೆ. ಕಲ್ಲು ಪವಾಡ ಮಾಡುವುದಿಲ್ಲ, ದನಿ ಮುಟ್ಟಿಸುವವರು ಮನುಷ್ಯರೇ. ಇರೋದಿಯೊದಲ್ಲಿ ಹಾಡುವವರ ಬೆನ್ನಿಗೆ ರೋಮನ್ ಕಾಲದ ಎತ್ತರದ ಕಮಾನುಗಳ ಗೋಡೆ ಇನ್ನೂ ನಿಂತಿದೆ, ಅದು ದನಿಯನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟು ಸಹಾಯ. ಜನ ಕೂರುವ ಮೆಟ್ಟಿಲುಗಳು ಮಾತ್ರ ಹೊಸವು: 1950ರ ದಶಕದ ಮೊದಲಲ್ಲಿ ಪೆಂಟೆಲಿ ಗುಡ್ಡದ ಅಮೃತಶಿಲೆ ತಂದು ಮತ್ತೆ ಜೋಡಿಸಿದ್ದು. 1944ರಲ್ಲಿ ‘ಫಿದೆಲಿಯೊ’ ಹಾಡಿದ ಹುಡುಗಿ ಕಂಡದ್ದು ಹಾಳುಬಿದ್ದ ಇಳಿಜಾರನ್ನು, 1957ರಲ್ಲಿ ಬಂದವಳು ಕಂಡದ್ದು ಬೆಳ್ಳಗೆ ಹೊಳೆಯುವ ಸಾಲುಗಳನ್ನು.

ಆಗಸ್ಟ್ 5ರ ರಾತ್ರಿ ಆಕೆ ರಂಗಕ್ಕೆ ಬಂದಳು. ವಾದ್ಯವೃಂದ ನಡೆಸಿದವನು ಲಾ ಸ್ಕಾಲಾದ ಅಂತೊನೀನೊ ವೊತ್ತೊ. ಸಭೆ ಬಿಗಿದುಕೊಂಡು ಕೂತಿತ್ತು. ಹಾಡುಗಳ ಪಟ್ಟಿ ನೋಡಿದರೆ ಆಕೆ ರಾಜಿಗೆ ಬಂದವಳಲ್ಲ ಅಂತ ಗೊತ್ತಾಗುತ್ತದೆ. ಗಂಟಲು ಈಗಷ್ಟೇ ಸುಧಾರಿಸಿದವರು ಸುಲಭದ್ದನ್ನು ಆರಿಸಿಕೊಳ್ಳುತ್ತಾರೆ. ಇಲ್ಲಿ ಮೊದಲಿಗೇ ವೆರ್ದಿಯ ‘ಫೋರ್ಜಾ ದೆಲ್ ದೆಸ್ತೀನೊ’ದ ನಾಯಕಿ ದೇವರಲ್ಲಿ ಶಾಂತಿ ಬೇಡುವ ಹಾಡು, ಸದ್ದಿಲ್ಲದ ಒಂದೇ ಎಳೆಯ ಸ್ವರವನ್ನು ಉಬ್ಬಿಸಿ ಇಳಿಸಿ ಶುರುಮಾಡಬೇಕಾದದ್ದು, ಎಲ್ಲಿ ದನಿ ಸರಿಯಿಲ್ಲವೋ ಅಲ್ಲಿ ತಕ್ಷಣ ಬಯಲಾಗುವಂಥದ್ದು. ವೆರ್ದಿಯದೇ ‘ತ್ರೊವತೋರೆ’ ಇತ್ತು, ಇಸೋಲ್ಡಾ ಪ್ರಿಯನ ಹೆಣದ ಮುಂದೆ ಹಾಡುತ್ತ ಪ್ರಾಣ ಬಿಡುವ ವಾಗ್ನರ್‌ನ ಭಾಗ ಇಟಾಲಿಯನ್ ಭಾಷೆಯಲ್ಲಿತ್ತು, ದೊನಿಜೆತ್ತಿಯ ‘ಲುಚೀಯಾ’ ಇತ್ತು. ಕೊನೆಗೆ ಆಂಬ್ರೊಯ್ಸ್ ತೊಮಾ ಎಂಬ ಫ್ರೆಂಚ್ ಸಂಗೀತಗಾರನ ‘ಹ್ಯಾಮ್ಲೆಟ್’ ಆಪೆರಾದಿಂದ, ಒಫೀಲಿಯಾಗೆ ಹುಚ್ಚು ಹಿಡಿಯುವ ದೃಶ್ಯ. ಒಬ್ಬೊಬ್ಬರು ಇದರಲ್ಲಿ ಒಂದೊಂದನ್ನು ಹಾಡಿಕೊಂಡು ಇಡೀ ಜೀವನ ಕಳೆಯುತ್ತಾರೆ.

ಆ ರಾತ್ರಿಯ ಧ್ವನಿಮುದ್ರಿಕೆ ಉಳಿದಿದೆ, ಹುಡುಕಿದರೆ ಸಿಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆದರೆ ಸ್ಟುಡಿಯೋ ತಟ್ಟೆಯ ನುಣುಪು ನಿರೀಕ್ಷಿಸಬೇಡಿ. ಕಲಾಸ್ ದನಿಯನ್ನು ಹಲವರು ‘ಚೆಂದದ ದನಿ’ ಅಂತ ಒಪ್ಪುವುದಿಲ್ಲ, ಅದರಲ್ಲಿ ಒಗರಿದೆ, ಮೇಲಿನ ಸ್ವರಗಳಲ್ಲಿ ತೊನೆತ ಇದೆ, ಕೆಳಗಿನದಕ್ಕೂ ಮೇಲಿನದಕ್ಕೂ ಇಬ್ಬರು ಬೇರೆ ಬೇರೆ ಹೆಂಗಸರು ಹಾಡಿದ ಹಾಗಿದೆ. ಅದೇ ಒಗರಿಗೆ ಮರುಳಾದವರು ಬೇರೆ ಯಾರ ಜೇನುದನಿಯನ್ನೂ ಕೇಳಲಾರದೆ ಹೋಗುತ್ತಾರೆ, ನಾನು ಆ ಗುಂಪಿಗೆ ಸೇರಿದವನು. ಇಸೋಲ್ಡಾಳ ಭಾಗದಲ್ಲಿ ಆಕೆ ಸದ್ದು ಮಾಡಲು ಹೋಗುವುದಿಲ್ಲ, ಯಾರಿಗೋ ಕಿವಿಯಲ್ಲಿ ಹೇಳಿದ ಹಾಗೆ ಹಾಡುತ್ತಾಳೆ. ಹುಚ್ಚಿನ ದೃಶ್ಯದಲ್ಲಿ ಒಂದು ವಾಕ್ಯದಿಂದ ಇನ್ನೊಂದಕ್ಕೆ ಮುಖ ಬದಲಾದದ್ದು ಕಣ್ಣಿಗೆ ಕಾಣದಿದ್ದರೂ ಕೇಳುತ್ತದೆ. ನಾಲ್ಕು ದಿನ ಹಿಂದೆ ಬೈದಿದ್ದ ಊರು ಕೊನೆಗೆ ಚಪ್ಪಾಳೆ ನಿಲ್ಲಿಸಲಿಲ್ಲ ಅಂತ ಎಲ್ಲ ಜೀವನಚರಿತ್ರೆಗಳೂ ಬರೆಯುತ್ತವೆ.

ಗೆದ್ದಳು ಅಂತ ಇಲ್ಲಿಗೆ ನಿಲ್ಲಿಸಿದರೆ ಸಿನಿಮಾ ಆಗುತ್ತಿತ್ತು. ಆದರೆ ‘ರದ್ದು ಮಾಡುವವಳು’ ಅನ್ನುವ ಹೆಸರು ಅಲ್ಲಿಂದ ಬೆನ್ನು ಬಿಡಲಿಲ್ಲ. ಅದೇ ತಿಂಗಳು ಲಾ ಸ್ಕಾಲಾ ತಂಡದ ಜತೆ ಎಡಿನ್‌ಬರೋಗೆ ಹೋದಳು. ಒಪ್ಪಂದ ಇದ್ದದ್ದು ನಾಲ್ಕು ಪ್ರದರ್ಶನಕ್ಕೆ. ಐದನೆಯದನ್ನು ಆಕೆಯನ್ನು ಕೇಳದೆ ಘೋಷಿಸಿದ್ದರು, ಆಕೆ ಹಾಡದೆ ಹೊರಟಳು, ಜಾಗ ತುಂಬಿದ 23 ವರ್ಷದ ರೆನಾತಾ ಸ್ಕೊತ್ತೊ ರಾತ್ರೋರಾತ್ರಿ ಹೆಸರಾದಳು. ಮತ್ತೆ ನೋಡಿ, ಒಬ್ಬರ ಗೈರುಹಾಜರಿ ಇನ್ನೊಬ್ಬರ ಬಾಗಿಲು. ಕಲಾಸ್ ಅಲ್ಲಿಂದ ವೆನಿಸ್ಸಿನ ಪಾರ್ಟಿಗೆ ಹೋದದ್ದು ಪತ್ರಿಕೆಗಳಿಗೆ ಹಬ್ಬವಾಯಿತು. ಹಡಗಿನ ಸಾಹುಕಾರ ಒನಾಸಿಸ್‌ನ ಪರಿಚಯ ಆಗಿದ್ದೂ ಆ ಪಾರ್ಟಿಯಲ್ಲೇ. 1958ರ ಜನವರಿ 2ರಂದು ರೋಮಿನಲ್ಲಿ ಇಟಲಿಯ ರಾಷ್ಟ್ರಪತಿ ಎದುರಿಗೇ ಕೂತಿರುವಾಗ ‘ನೋರ್ಮಾ’ದ ಮೊದಲ ಅಂಕ ಮುಗಿಸಿ, ದನಿ ಹೋಗಿದೆ ಅಂತ ಮುಂದಿನದ್ದನ್ನು ಬಿಟ್ಟಳು. ಊರು ದಂಗೆ ಎದ್ದಿತು. ಹಲವು ವರ್ಷ ಕೋರ್ಟಿನಲ್ಲಿ ತಿರುಗಿದ ಆ ಮೊಕದ್ದಮೆ ಕೊನೆಗೆ ಆಕೆಯ ಪರವಾಗಿಯೇ ಆಯಿತು. ಅಷ್ಟರಲ್ಲಿ ಆಕೆ ಹಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದಳು.

ಗ್ರೀಸ್ ಮಾತ್ರ ಮತ್ತೆ ಕರೆಯಿತು. ಈ ಸಲ ನಿಜವಾದ ಬಯಲಿಗೆ, ಎಪಿಡಾರಸ್‌ಗೆ. ಕ್ರಿ.ಪೂ. 4ನೇ ಶತಮಾನದ ರಂಗ, ಗುಡ್ಡ ಕೊರೆದು ಮಾಡಿದ 55 ಸಾಲು, ಹತ್ತು ಸಾವಿರಕ್ಕೂ ಮೇಲೆ ಜನ. ರೋಗ ವಾಸಿಮಾಡುವ ದೇವರು ಅಸ್ಕ್ಲೆಪಿಯಸ್‌ನ ಕ್ಷೇತ್ರ ಅದು, ಕಾಯಿಲೆಯವರು ಬಂದು ದೇವಸ್ಥಾನದಲ್ಲಿ ಮಲಗಿ, ಕನಸಿನಲ್ಲಿ ಮದ್ದು ಕೇಳಿ, ಸಂಜೆ ನಾಟಕ ನೋಡುತ್ತಿದ್ದ ಜಾಗ. 1960ರ ಆಗಸ್ಟ್ 21ಕ್ಕೆ ‘ನೋರ್ಮಾ’ ಗೊತ್ತುಮಾಡಿದ್ದರು. ಆಗಸ್ಟಿನಲ್ಲಿ ಮಳೆಯೇ ಬಾರದ ಊರಿನಲ್ಲಿ ಆ ದಿನ ಮಳೆ ಬಂತು! ಆ ಸಲ ರದ್ದು ಮಾಡಿದ್ದು ಆಕಾಶ, ಯಾರೂ ಬೈಯಲಿಲ್ಲ. 24ಕ್ಕೆ ಹಾಡಿದಳು, 28ಕ್ಕೆ ಮತ್ತೊಮ್ಮೆ. ಮರುವರ್ಷ ಅಲ್ಲೇ ಕೆರುಬೀನಿಯ ‘ಮೆದೆಯಾ’. ಯೂರಿಪಿಡಿಸ್ ಆ ಕತೆಯನ್ನು ಅಥೆನ್ಸಿನ ಡಯೊನೈಸಸ್ ರಂಗಕ್ಕೆ ತಂದದ್ದು ಕ್ರಿ.ಪೂ. 431ರಲ್ಲಿ, ಸ್ಪರ್ಧೆಯಲ್ಲಿ ಮೂರನೇ ಸ್ಥಾನ ಬಂತು. ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಶತಮಾನಗಳ ಮೇಲೆ ಆ ಹೆಣ್ಣನ್ನು ಗ್ರೀಕ್ ಹೆಸರಿನ ಇನ್ನೊಬ್ಬಳು ಇಟಾಲಿಯನ್‌ನಲ್ಲಿ ಹಾಡಿದಳು. ನಿರ್ದೇಶಕ ಅಲೆಕ್ಸಿಸ್ ಮಿನೊಟಿಸ್, ಗ್ರೀಸಿನ ರಾಷ್ಟ್ರೀಯ ನಾಟಕ ಮಂದಿರದ ಹಳೆಯ ಹುಲಿ, ಒಂದು ವಿಷಯ ಹೇಳುತ್ತಿದ್ದ. ತಾಲೀಮಿನಲ್ಲಿ ಕಲಾಸ್ ಮಂಡಿಯೂರಿ ಎರಡೂ ಕೈಯಿಂದ ನೆಲ ಬಡಿದು ಪಾತಾಳದ ದೇವರುಗಳನ್ನು ಕರೆದಳಂತೆ. ಅದು ಅವನೂ ಅವನ ಹೆಂಡತಿ, ನಟಿ ಕತೀನಾ ಪಕ್ಸಿನೌ, ಹಳೆಯ ದುರಂತ ನಾಟಕಗಳಿಗಾಗಿ ಯೋಚಿಸಿಟ್ಟಿದ್ದ ಭಂಗಿ. ಯಾರು ಹೇಳಿಕೊಟ್ಟರು ಅಂತ ಕೇಳಿದರೆ, ಇಲ್ಲಿ ಹೀಗೇ ಮಾಡಬೇಕು ಅನ್ನಿಸಿತು, ಅಷ್ಟೇ ಅಂದಳಂತೆ.

ಅಮ್ಮನ ಜತೆ ಮಾತ್ರ ಸರಿಹೋಗಲಿಲ್ಲ. ಆಕೆ ಎಪಿಡಾರಸ್‌ನಲ್ಲಿ ‘ನೋರ್ಮಾ’ ಹಾಡಿದ 1960ರಲ್ಲೇ ಅಮ್ಮ ಮಗಳ ಬಗ್ಗೆ ಒಂದು ಪುಸ್ತಕ ಬರೆದು ಮನೆಯ ಜಗಳವನ್ನೆಲ್ಲ ಅಚ್ಚು ಹಾಕಿಸಿದಳು. 1966ರಲ್ಲಿ ಮಗಳು ಅಮೆರಿಕದ ಪೌರತ್ವ ಬಿಟ್ಟು ಗ್ರೀಸಿನದನ್ನು ಮಾತ್ರ ಉಳಿಸಿಕೊಂಡಳು. 1977ರ ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ಸತ್ತಾಗ 53 ವರ್ಷ, ಎರಡು ವರ್ಷದ ಮೇಲೆ ಚಿತಾಭಸ್ಮವನ್ನು ಏಜಿಯನ್ ಸಮುದ್ರಕ್ಕೆ ಬಿಟ್ಟರು. 2023ರಲ್ಲಿ ಅಥೆನ್ಸ್ ನಗರ ಆಕೆಯ ಹೆಸರಿನಲ್ಲಿ ಒಂದು ಮ್ಯೂಸಿಯಂ ತೆರೆಯಿತು.

ಸಂಭಾವನೆಯ ಮಾತು ಅರ್ಧಕ್ಕೆ ಬಿಟ್ಟಿದ್ದೆ. ಎಪಿಡಾರಸ್‌ನಲ್ಲಿ ‘ನೋರ್ಮಾ’ಕ್ಕೆ ಬಂದ ದುಡ್ಡನ್ನು ಕಲಾಸ್ ಮನೆಗೆ ಒಯ್ಯಲಿಲ್ಲ, ಗ್ರೀಸಿನ ಎಳೆಯ ಸಂಗೀತಗಾರರ ವಿದ್ಯಾರ್ಥಿವೇತನಕ್ಕೆ ಅಂತ ಬಿಟ್ಟುಕೊಟ್ಟಳು. ಲೆಫ್ಕಾದ ದ್ವೀಪದ ಆಗ್ನೆಸ್ ಬಾಲ್ಟ್ಸಾ ಅನ್ನುವ ಹುಡುಗಿಗೆ ಕಲಾಸ್ ಹೆಸರಿನ ವಿದ್ಯಾರ್ಥಿವೇತನ ಸಿಕ್ಕಿತು. ಅದನ್ನು ಹಿಡಿದುಕೊಂಡು 1965ರಲ್ಲಿ ಮ್ಯೂನಿಕ್‌ಗೆ ಓದಲು ಹೋದಳು, ಮುಂದೆ ಕರಾಯನ್ ನಡೆಸಿದ ‘ಕಾರ್ಮೆನ್’ ಧ್ವನಿಮುದ್ರಿಕೆಯಲ್ಲಿ ಕಾರ್ಮೆನ್ ಆಗಿ ಹಾಡಿದವಳು ಅವಳೇ.